ಬಣ್ಣ ಕಲಿಯಲು ಹೊರಟ ಸಂಘ

ಒಂದೇ ಕಸುಬಿನ ನಾಲ್ಕು ಜನ ಒಂದು ಜಮಖಾನದ ಮೇಲೆ ಕೂತರೆ ನಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಅವರು ಸಂಘ ಕಟ್ಟಿಕೊಂಡರಂತೂ ಪ್ರತಿ ಸಭೆಗೂ ಒಂದು ಖಾಯಂ. ನಾನು ಏಳು ವರ್ಷ ಅಂಥ ಒಂದು ಸಂಘದ ಕಾರ್ಯದರ್ಶಿಯಾಗಿದ್ದೆ. ಆಗ ನಗು ಬರುತ್ತಿರಲಿಲ್ಲ, ಮೈ ಉರಿಯುತ್ತಿತ್ತು. ಈಗ ಉರಿ ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.

ಚನ್ನಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೊ ಇತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ದಾವಣಗೆರೆಯಲ್ಲಿ ಕಲರ್ ಫೋಟೋ ಶುರುವಾಗಿತ್ತು. ಮದುವೆಗೆ ಫೋಟೋದವರನ್ನು ಗೊತ್ತು ಮಾಡಲು ಬಂದವರು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು "ಕಲರ್ ಐತಾ?" ಎಂದು ಕೇಳುತ್ತಿದ್ದರು. "ಕಲರ್ ಇಲ್ರಿ, ಆದ್ರೆ ಕಪ್ಪು ಬಿಳುಪಿನಾಗೆ..." ಎಂದು ನಾನು ಶುರು ಮಾಡುವಷ್ಟರಲ್ಲಿ ಅವರ ಬೆನ್ನು ಕಾಣುತ್ತಿತ್ತು. ಒಂದು ವರ್ಷದಲ್ಲಿ ನನ್ನ ಮದುವೆ ಆರ್ಡರುಗಳು ಅರ್ಧಕ್ಕೆ ಇಳಿದವು. ಬಣ್ಣ ಕಲಿಯದಿದ್ದರೆ ಅಂಗಡಿಯ ಬಾಗಿಲು ಹಾಕುವುದೇ ಗತಿ ಎಂದು ನನಗೆ ಗೊತ್ತಾಗಿತ್ತು.

ಕಲಿಯುವುದು ಎಲ್ಲಿ? ನಾನಾಗಿಯೇ ಎರಡು ರೋಲು ಹಾಕಿ ನೋಡಿದ್ದೆ. ಒಂದರಲ್ಲಿ ನನ್ನ ಹೆಂಡತಿ ಕಾಮಾಲೆ ಬಂದವಳ ಹಾಗೆ ಕಂಡಳು. ಇನ್ನೊಂದರಲ್ಲಿ ನೀಲಿಯಾಗಿದ್ದಳು. ದಾವಣಗೆರೆಯಲ್ಲಿ ಫಿಲಂ ಕಂಪನಿಯ ಏಜೆಂಟರೊಬ್ಬರಿದ್ದರು, ತಾವೂ ಮದುವೆಗಳ ಕಲರ್ ಫೋಟೋ ತೆಗೆಯುತ್ತಿದ್ದರು. ಅವರ ಹತ್ತಿರ ಹೋಗಿ ಕೈಮುಗಿದೆ.

"ಒಬ್ಬೊಬ್ರಿಗೆ ಹೇಳಿಕೊಡಾಕೆ ನಂಗೆ ಟೈಮಿಲ್ರಿ," ಎಂದರು. "ಇಪ್ಪತ್ತು ಜನ ಇರೋ ಸಂಘ ಕರೀಲಿ. ಇಡೀ ದಿನ ಬಂದು ಹೇಳಿಕೊಡ್ತೀನಿ, ಒಂದು ಪೈಸೆ ಬ್ಯಾಡ."

ಹೀಗೆ ಹುಟ್ಟಿತು ನಮ್ಮ ಸಂಘ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮೂರೂ ಊರು ಗುಡಿಸಿದರೂ ಹದಿನೈದು ಜನ ಆಗಲಿಲ್ಲ. ಎರಡು ಬಸ್ಸು ಬದಲಾಯಿಸಿ ಬರಬೇಕಾದ ಜಗಳೂರನ್ನೂ ಎಳೆದುಕೊಂಡೆವು. ಅಷ್ಟಕ್ಕೂ ಸಾಲದೆ, ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಯವರನ್ನೆಲ್ಲ ಸೇರಿಸಿ ಇಪ್ಪತ್ತಮೂರು ಮಾಡಿದೆವು. ಹೊನ್ನಾಳಿಯ ಹಿರಿಯರೊಬ್ಬರು ಅಧ್ಯಕ್ಷರಾದರು. ಅವರ ತಂದೆ ಬಳಸಿದ ಮರದ ಸ್ಟ್ಯಾಂಡ್ ಕ್ಯಾಮೆರಾ ಇನ್ನೂ ಅವರ ಸ್ಟುಡಿಯೊದಲ್ಲಿ ಕರಿ ಬಟ್ಟೆ ಹೊದ್ದು ನಿಂತಿತ್ತು. ಅದೇ ಅವರ ಅರ್ಹತೆ.

ಮೊದಲ ಸಭೆಯಲ್ಲಿ ರಬ್ಬರ್ ಸ್ಟಾಂಪು, ಲೆಟರ್‌ಹೆಡ್ಡು, ಅಧ್ಯಕ್ಷರ ಖುರ್ಚಿಗೆ ಹೊದಿಸುವ ಟವೆಲ್ಲಿನ ಬಣ್ಣ, ಇಷ್ಟೂ ತೀರ್ಮಾನವಾಯಿತು. ಕೊನೆಯ ವಿಷಯ ಕಲರ್ ತರಬೇತಿ. ಅಷ್ಟು ಹೊತ್ತಿಗೆ ಉಪ್ಪಿಟ್ಟು ಬಂತು. "ಮುಂದಿನ ಸಭೆಯಲ್ಲಿ ಚರ್ಚಿಸತಕ್ಕದ್ದು" ಎಂದು ನಡಾವಳಿ ಪುಸ್ತಕದಲ್ಲಿ ಬರೆದೆ. ಅದೇ ವಾಕ್ಯವನ್ನು ಆಮೇಲೆ ಆರು ವರ್ಷ ಬರೆದೆ, ಕೈ ತಾನಾಗಿಯೇ ಬರೆಯುವಷ್ಟು ರೂಢಿಯಾಗಿತ್ತು.

೧. ಒಂದು ಲೀಟರಿಗೆ ಒಂದು ನಿಂಬೆಹಣ್ಣು

ಬಣ್ಣದ ಮಾತು ಮುಂದಕ್ಕೆ ಹೋಗುತ್ತಿದ್ದುದರಿಂದ, ಅಲ್ಲಿಯವರೆಗೆ ನಮ್ಮನಮ್ಮಲ್ಲೇ ಏನಾದರೂ ಕಲಿಯೋಣ ಎಂದು ನಾನೇ ಒಂದು ಸಲಹೆ ಕೊಟ್ಟೆ. ಪ್ರತಿ ಸಭೆಯಲ್ಲೂ ಒಬ್ಬ ಸದಸ್ಯರು ತಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರು ಮೊದಲು ಹೇಳುತ್ತೀರಿ ಎಂದು ಕೇಳಿದೆ. ಇಪ್ಪತ್ತೆರಡು ಜನ ಜಮಖಾನದ ದಾರ ಕೀಳತೊಡಗಿದರು. ಎದುರು ಅಂಗಡಿಯವನು ಕೂತಿರುವಾಗ ಗುಟ್ಟು ಹೇಳಲು ಅವರಿಗೇನು ಹುಚ್ಚೇ?

ಕೊನೆಗೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. ಅವರ ಪ್ರಿಂಟುಗಳಲ್ಲಿ ಮುಖಗಳು ಥಳಥಳ ಹೊಳೆಯುತ್ತಿದ್ದವು, ಅದು ಹೇಗೆ ಎಂದು ನಮಗೆಲ್ಲ ಕುತೂಹಲ.

"ಬರಕೊಳ್ರಿ," ಎಂದರು. "ಒಂದು ಲೀಟರ್ ಡೆವಲಪರ್‌ಗೆ ಒಂದು ನಿಂಬೆಹಣ್ಣು ಹಿಂಡ್ರಿ. ಬೀಜ ಬೀಳಬಾರ್ದು. ಮುಖ ಹೆಂಗೆ ಹೊಳೀತವೆ ನೋಡ್ರಿ ಆಮೇಲೆ."

ಎಲ್ಲರೂ ಬರೆದುಕೊಂಡರು. ನಾನೂ ಬರೆದುಕೊಂಡೆ. ಫಿಲಂ ತೊಳೆಯುವ ಡೆವಲಪರಿಗೆ ಹುಳಿ ಬಿದ್ದರೆ ಅದು ಸತ್ತೇ ಹೋಗುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ಅಷ್ಟು ಹಿರಿಯರು, ಖುರ್ಚಿಯ ಮೇಲೆ ಕೂತು, ಬೀಜದ ವಿಷಯವನ್ನೂ ಬಿಡದೆ ಹೇಳುತ್ತಿರುವಾಗ ನನಗೆ ಗೊತ್ತಿರುವುದೇ ತಪ್ಪಿರಬೇಕು ಎನ್ನಿಸಿತು.

ನ್ಯಾಮತಿಯ ಸದಸ್ಯ ಚಿಕ್ಕ ವಯಸ್ಸಿನವನು, ಹಿರಿಯರ ಮಾತಿನ ಮೇಲೆ ಭಕ್ತಿ. ಮಾರನೆಯ ವಾರವೇ ಒಂದು ಮದುವೆಯ ನಾಲ್ಕು ರೋಲನ್ನು ನಿಂಬೆರಸದ ಡೆವಲಪರಿನಲ್ಲಿ ಮುಳುಗಿಸಿದ. ತೆಗೆದರೆ ನಾಲ್ಕೂ ಕಿಟಕಿಯ ಗಾಜಿನ ಹಾಗಿವೆ. ಹೆಣ್ಣಿಲ್ಲ, ಗಂಡಿಲ್ಲ, ಪುರೋಹಿತರ ಜುಟ್ಟೂ ಇಲ್ಲ.

ಅವನು ಎರಡೂ ಮನೆಯವರ ಕಾಲು ಹಿಡಿದು ಮದುವೆಯ ಶಾಸ್ತ್ರಗಳನ್ನು ಇನ್ನೊಮ್ಮೆ ಮಾಡಿಸಿ ಫೋಟೋ ತೆಗೆದ. ಅಷ್ಟರಲ್ಲಿ ಮದುಮಗ ಹರಕೆ ತೀರಿಸಲು ಹೋಗಿ ತಲೆ ಬೋಳಿಸಿಕೊಂಡು ಬಂದಿದ್ದ. ಹಾಗಾಗಿ ಆ ಆಲ್ಬಮ್ಮಿನಲ್ಲಿ ಗಂಡು ಅರಿಶಿನ ಹಚ್ಚಿಸಿಕೊಳ್ಳುವಾಗಲೂ ಪೇಟ, ಎಣ್ಣೆ ನೀರು ಹಾಕಿಸಿಕೊಳ್ಳುವಾಗಲೂ ಪೇಟ.

ಮುಂದಿನ ಸಭೆಯಲ್ಲಿ ಆ ಹುಡುಗ ಅಳುಮುಖ ಮಾಡಿಕೊಂಡು ಅಧ್ಯಕ್ಷರ ಮುಂದೆ ನಿಂತ. "ನೀವು ಹೇಳ್ದಂಗೇ ಮಾಡಿದೆ ಯಜಮಾನ್ರೇ, ಬೀಜಾನೂ ಬೀಳ್ಸಿರ್ಲಿಲ್ಲ."

ಅಧ್ಯಕ್ಷರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅಲ್ಲೋ ತಮ್ಮಾ," ಎಂದರು, "ಸಂಘದಾಗೆ ಹೇಳಿದ್ದನ್ನ ಮನೀಗೆ ಹೋಗಿ ಯಾರಾದ್ರೂ ಮಾಡ್ತಾರೇನೋ?"

೨. ಕಂಡಕ್ಟರ್ ಕೈಲಿ ಕೊಟ್ಟ ನೋಟೀಸು

ನಮ್ಮ ಸಂಘದ ಸುದ್ದಿ ಪೋಸ್ಟ್‌ಕಾರ್ಡಿನಲ್ಲಿ ಹೋಗುತ್ತಿತ್ತು. ಸಭೆ ಭಾನುವಾರ ಇದ್ದರೆ ಕಾರ್ಡು ಸೋಮವಾರ ತಲುಪುತ್ತಿತ್ತು. ಬಾರದವರು ಕಾರ್ಡನ್ನೇ ಹಿಡಿದುಕೊಂಡು ಮುಂದಿನ ಸಭೆಯಲ್ಲಿ ನನ್ನ ಮೇಲೆ ಹರಿಹಾಯುವರು. ಈ ವಿಷಯ ಚರ್ಚಿಸಲು ಒಂದು ವಿಶೇಷ ಸಭೆ ಕರೆದೆ. ಅದರ ಕಾರ್ಡೂ ಸೋಮವಾರವೇ ತಲುಪಿತು.

ಆಗ ಅಧ್ಯಕ್ಷರು, "ಬಸ್ಸು ದಿನಾ ಓಡಾಡ್ತಾವಲ್ರಿ. ಕಂಡಕ್ಟರ್ ಕೈಗೆ ಕೊಡ್ರಿ," ಎಂದರು. ಅವರು ಹೇಳಿದ್ದರಲ್ಲಿ ಇದೊಂದು ನನಗೆ ಸರಿಯೆನಿಸಿತು. ಆ ಸಲದ ಸಭೆಯಲ್ಲಿ ಕಲರ್ ತರಬೇತಿಯ ದಿನ ಗೊತ್ತು ಮಾಡಲೇಬೇಕೆಂದು ನಾನು ಹಟ ಹಿಡಿದಿದ್ದೆ. ಅದಕ್ಕೆ ಎಲ್ಲ ಊರಿನವರೂ ಬೇಕಿತ್ತು. ಚೆಂದವಾಗಿ ಬರೆದೆ: "ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಚನ್ನಗಿರಿಯಲ್ಲಿ ಎಲ್ಲ ಫೋಟೋಗ್ರಾಫರುಗಳು ಸೇರುತ್ತಾರೆ. ಊಟದ ವ್ಯವಸ್ಥೆ ಇದೆ." ನ್ಯಾಮತಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, "ಮರೀಬ್ಯಾಡಪ್ಪ, ನಮ್ಮೋರಿಗೆ ಮುಟ್ಟಿಸು," ಎಂದೆ.

ಭಾನುವಾರ ಹತ್ತಕ್ಕೆ ನ್ಯಾಮತಿ ಬಸ್ಸು ಬಂತು. ಒಳಗಿಂದ ಹೆಂಗಸರು ಇಳಿದರು. ಪ್ರತಿಯೊಬ್ಬರ ಕಂಕುಳಲ್ಲೂ ಮುಖದ ತುಂಬಾ ಪೌಡರ್ ಬಳಿದ, ಹಣೆಗೆ ದೃಷ್ಟಿಬೊಟ್ಟಿಟ್ಟ ಒಂದೊಂದು ಮಗು. ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದರು. ಒಬ್ಬರು ಎಮ್ಮೆಯ ಕರುವನ್ನೂ ತರಬೇಕೆಂದಿದ್ದರಂತೆ, ಬಸ್ಸಿನಲ್ಲಿ ಹತ್ತಿಸಲಿಲ್ಲ ಎಂದು ಬೇಜಾರು ಮಾಡಿಕೊಂಡರು.

"ಫೋಟೋದೋರೆಲ್ಲ ಸೇರ್ತಾರಂತೆ, ಸಾಲಾಗಿ ತೆಗೀತಾರಂತೆ, ಊಟಾನೂ ಐತಂತೆ," ಎಂದು ಒಬ್ಬಾಕೆ ನನಗೇ ವಿವರಿಸಿ ಹೇಳಿದರು. "ನಮ್ಮ ಪಾಪುಂದು ಮೊದ್ಲು ತೆಗದ್ಬಿಡ್ರಣ್ಣ, ಆಮೇಲೆ ಅಳ್ತತೆ."

ಸಭಾಂಗಣ ತುಂಬಿ ಹೊರಗೂ ಜನ ನಿಂತಿದ್ದರು. ಅಷ್ಟು ಜನರನ್ನು ಅಧ್ಯಕ್ಷರು ಜನ್ಮದಲ್ಲಿ ಕಂಡಿರಲಿಲ್ಲ. ಯಾರು, ಯಾಕೆ ಬಂದಿದ್ದಾರೆ ಎಂದು ಕೇಳುವ ಗೋಜಿಗೂ ಹೋಗದೆ ಒಂದೂವರೆ ಗಂಟೆ ಕಲೆ ಮತ್ತು ಜೀವನದ ಬಗ್ಗೆ ಮಾತಾಡಿದರು. ಮಕ್ಕಳ ಪೌಡರೆಲ್ಲ ಬೆವರಿನಲ್ಲಿ ಇಳಿದುಹೋಯಿತು. ನಮ್ಮ ಊಟವನ್ನು ಅವರು ಉಂಡರು. ತರಬೇತಿಯ ದಿನ ಗೊತ್ತಾಗಲಿಲ್ಲ, ಏಕೆಂದರೆ ನ್ಯಾಮತಿಯ ಜನ ಅಷ್ಟು ಬಂದರೂ ನ್ಯಾಮತಿಯ ಇಬ್ಬರು ಫೋಟೋಗ್ರಾಫರುಗಳು ಮಾತ್ರ ಬಂದಿರಲಿಲ್ಲ.

ಸಂಜೆ ಕಂಡಕ್ಟರನ್ನು ಹಿಡಿದು ನಿಲ್ಲಿಸಿದೆ. ಅವನಿಗೇ ಸಿಟ್ಟು ಬಂತು. "ಮೂರು ದಿನ ಎಲ್ಲಾ ಟ್ರಿಪ್ಪಿನಾಗೂ ಗಂಟ್ಲು ಹರಕೊಂಡು ಓದಿ ಹೇಳಿದೀನಿ ಸಾ. ಅವರಿಬ್ರೂ ಬಸ್ಸೇ ಹತ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ?"

೩. ಖಾಲಿ ಚೌಕ

ಕಾರ್ಡೂ ಬೇಡ, ಕಂಡಕ್ಟರೂ ಬೇಡ, ಸಂಘಕ್ಕೆ ಒಂದು ಪತ್ರಿಕೆ ಇರಲಿ ಎಂದು ತೀರ್ಮಾನವಾಯಿತು. ನನಗೂ ಆಸೆ ಚಿಗುರಿತು. ಏಜೆಂಟರ ಬೆನ್ನು ಬಿದ್ದು, ಬಿಸಿಲಿನಲ್ಲಿ ಎಷ್ಟು, ನೆರಳಿನಲ್ಲಿ ಎಷ್ಟು, ಚಪ್ಪರದ ಕೆಳಗೆ ಎಷ್ಟು ಬೆಳಕು ಕೊಡಬೇಕು ಎಂಬ ಒಂದು ಪಟ್ಟಿಯನ್ನು ಬರೆಸಿಕೊಂಡು ಬಂದೆ. ತರಬೇತಿ ಆಗದಿದ್ದರೆ ಪತ್ರಿಕೆಯಲ್ಲಾದರೂ ನಾಲ್ಕು ಜನ ಓದಿ, ನಾನೂ ಅವರೂ ಒಟ್ಟಿಗೆ ತಪ್ಪು ಮಾಡಿ ಕಲಿಯಬಹುದಲ್ಲ.

ಪತ್ರಿಕೆ ಎಂದರೆ ಸೈಕ್ಲೋಸ್ಟೈಲ್ ಮಾಡಿದ ನಾಲ್ಕು ಹಾಳೆ. ಸ್ಟೆನ್ಸಿಲ್ ಮೇಲೆ ಅಕ್ಷರ ಕೊರೆಯಬಹುದು, ಫೋಟೋ ಬರುವುದಿಲ್ಲ. ಇದನ್ನು ನಾನು ಅಧ್ಯಕ್ಷರಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು.

"ಫೋಟೋಗ್ರಾಫರ್ ಸಂಘದ ಪತ್ರಿಕೆ, ಅದರಾಗೆ ಅಧ್ಯಕ್ಷರ ಫೋಟೋನೇ ಇಲ್ಲ ಅಂದ್ರೆ ಜನ ನಗಲ್ವೇನ್ರಿ? ಜಾಗ ಬಿಡ್ರಿ. ಜಾಗ ಇದ್ರೆ ಗೌರವ ಇರ್ತದೆ."

ಜಾಗ ಬಿಟ್ಟೆ. ಮೊದಲ ಪುಟದ ನಡುವೆ ಸ್ಕೇಲು ಇಟ್ಟು ಒಂದು ಚೌಕ ಎಳೆದು ಒಳಗೆ ಬರೆದೆ: "ಇಲ್ಲಿ ಮಾನ್ಯ ಅಧ್ಯಕ್ಷರು ಇದ್ದಾರೆಂದು ತಿಳಿಯತಕ್ಕದ್ದು." ನಾನು ಅಣಕಕ್ಕೆ ಬರೆದದ್ದು. ಅವರು ಸಂತೋಷದಿಂದ ಹತ್ತು ಪ್ರತಿ ಹೆಚ್ಚಿಗೆ ಕೇಳಿ ತೆಗೆದುಕೊಂಡು ಹೋದರು.

ತೊಂದರೆ ಶುರುವಾದದ್ದು ಎರಡನೇ ಸಂಚಿಕೆಗೆ. ಅಧ್ಯಕ್ಷರಿಗೆ ಚೌಕ ಇದ್ದ ಮೇಲೆ ಉಪಾಧ್ಯಕ್ಷರಿಗೂ ಬೇಕು. ಅವರಿಗೆ ಕೊಟ್ಟರೆ ಖಜಾಂಚಿ ಸುಮ್ಮನಿರುತ್ತಾರೆಯೆ? ಕೊನೆಗೆ ಕಟ್ಟು ಹಾಕುವ ಅಂಗಡಿಯವರೂ "ಚೌಕದ ಕಸುಬು ನಮ್ದೇ, ನಮಗೇ ಇಲ್ಲ ಅಂದ್ರೆ ಹೆಂಗೆ?" ಎಂದು ಪಟ್ಟು ಹಿಡಿದರು. ಇಪ್ಪತ್ತಮೂರು ಚೌಕ ಎಳೆದೆ. ಈ ಸಂಚಿಕೆಗೆಂದೇ ಇಟ್ಟುಕೊಂಡಿದ್ದ ನನ್ನ ಬಿಸಿಲು ನೆರಳಿನ ಪಟ್ಟಿಗೆ ಜಾಗ ಉಳಿಯಲಿಲ್ಲ. ಒಂದು ಸಾಲು ವಿದ್ಯೆಯಿಲ್ಲದ, ಒಂದು ಮುಖವೂ ಇಲ್ಲದ ಆ ಖಾಲಿ ಪೆಟ್ಟಿಗೆಗಳನ್ನು ಅಂಚೆಗೆ ಹಾಕುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಒಂದು ವಾರಕ್ಕೆ ಜಗಳೂರಿನ ಸದಸ್ಯರಿಂದ ಕಾಗದ ಬಂತು. ನಮ್ಮ ಸಂಘದ ಪತ್ರಿಕೆಗೆ ಓದುಗರಿಂದ ಬಂದ ಮೊದಲ ಮತ್ತು ಕೊನೆಯ ಕಾಗದ ಅದು. "ಕಾರ್ಯದರ್ಶಿಗಳಿಗೆ ನಮಸ್ಕಾರ. ಪತ್ರಿಕೆ ಚೆನ್ನಾಗಿದೆ. ಆದರೆ ನನ್ನ ಖಾಲಿ ಚೌಕವನ್ನು ಪುಟದ ಬಲಗಡೆ ಹಾಕಿದ್ದೀರಿ. ನಾನು ಎಡಗಡೆ ಇದ್ದರೇ ಚೆನ್ನಾಗಿ ಕಾಣುತ್ತೇನೆಂದು ಎಲ್ಲರೂ ಹೇಳುತ್ತಾರೆ. ಮುಂದಿನ ಸಂಚಿಕೆಯಲ್ಲಿ ಸರಿಪಡಿಸುವುದು."

೪. ಸೂಳೆಕೆರೆಯಲ್ಲಿ ಸ್ಪರ್ಧೆ

ಮೂರನೇ ಸಂಚಿಕೆ ಬರಲಿಲ್ಲ. ಅದರ ಬದಲು ಒಂದು ಕಾರ್ಯಕ್ರಮ ಮಾಡೋಣ ಎಂದರು. ಸೂಳೆಕೆರೆಯ ದಂಡೆಯಲ್ಲಿ ಫೋಟೋ ಸ್ಪರ್ಧೆ. ವ್ಯಾನು ಮಾಡಿಕೊಂಡು ಹದಿನೇಳು ಜನ ಹೋದೆವು. ಕಲರ್ ಫಿಲಂ ಹಾಕಿ ಎಲ್ಲರೂ ಒಂದೊಂದು ರೋಲು ತೆಗೆಯೋಣ, ಏಜೆಂಟರಿಗೆ ತೋರಿಸಿ ತಪ್ಪು ಕೇಳಿಕೊಂಡು ಬರುತ್ತೇನೆ ಎಂದು ನಾನು ಬೇಡಿಕೊಂಡೆ. "ಸ್ಪರ್ಧೆ ಅಂದ್ಮೇಲೆ ಗೊತ್ತಿರೋದನ್ನ ಮಾಡ್ಬೇಕ್ರಿ, ಕಲಿಯಾಕೆ ಇದೇನು ಸ್ಕೂಲಾ?" ಎಂದು ಅಧ್ಯಕ್ಷರು ನನ್ನ ಬಾಯಿ ಮುಚ್ಚಿಸಿದರು.

ಅಷ್ಟು ದೊಡ್ಡ ಕೆರೆ. ನೀರಿದೆ, ಗುಡ್ಡವಿದೆ, ಹಕ್ಕಿಯಿದೆ. ಇವರು ಮಾಡಿದ್ದೇನು? ತೆಪ್ಪದಲ್ಲಿ ಬಲೆ ಬೀಸುತ್ತಿದ್ದ ಒಬ್ಬ ಮೀನುಗಾರ ಅಧ್ಯಕ್ಷರ ಕಣ್ಣಿಗೆ ಬಿದ್ದ. ಅವರು ಅವನತ್ತ ಕ್ಯಾಮೆರಾ ತಿರುಗಿಸಿದರು. ಅಧ್ಯಕ್ಷರಿಗೇನೋ ಸಿಕ್ಕಿತು ಎಂದು ಉಳಿದ ಹದಿನಾರು ಕ್ಯಾಮೆರಾಗಳೂ ಅವನತ್ತಲೇ ತಿರುಗಿದವು.

"ಬಲೆ ಮ್ಯಾಲೆತ್ತಪ್ಪಾ! ಹಂಗೇ ಹಿಡಕೋ! ಅಲ್ಲಾಡಬ್ಯಾಡ!" ಎಂದು ಒಬ್ಬರು. "ಈ ಕಡೆ ನೋಡು, ನಗು!" ಎಂದು ಇನ್ನೊಬ್ಬರು. "ನಗಬ್ಯಾಡ, ಕಷ್ಟದಾಗಿರೋನಂಗೆ ಮುಖ ಮಾಡು!" ಎಂದು ಮತ್ತೊಬ್ಬರು. ಆ ಮನುಷ್ಯ ಒದ್ದೆ ಬಲೆಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಒಂದು ಗಂಟೆ ನಿಂತ. ಅವನ ಆ ಹೊತ್ತಿನ ಮೀನು ಹೋಯಿತು. "ನಿಂಗೊಂದು ಫೋಟೋ ಕಳಿಸ್ತೀವಿ," ಎಂದು ಹದಿನೇಳು ಜನವೂ ಹೇಳಿ ಬಂದರು. ಹದಿನೇಳು ಜನರಲ್ಲಿ ನಾನೂ ಒಬ್ಬ.

ಸ್ಪರ್ಧೆಗೆ ಬಂದ ಹದಿನೇಳು ಫೋಟೋಗಳಲ್ಲೂ ಅವನೇ. ತೀರ್ಪುಗಾರರು ಅಧ್ಯಕ್ಷರು, ಗೆದ್ದವರೂ ಅವರೇ. ಅವನಿಗೆ ಫೋಟೋ ಕಳಿಸಿದವರು ಯಾರೂ ಇಲ್ಲ. ಬೇರೆಯವರು ಕಳಿಸಿರುತ್ತಾರೆ ಎಂದು ಪ್ರತಿಯೊಬ್ಬನೂ ಸುಮ್ಮನಿದ್ದ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಈಗಲೂ ನೆನೆಸಿಕೊಂಡರೆ ತಲೆ ತಗ್ಗಿಸುವಂತಾಗುತ್ತದೆ.

ಮೂರು ತಿಂಗಳಾದ ಮೇಲೆ ಚನ್ನಗಿರಿ ಸಂತೆಯ ದಿನ ಅವನು ನನ್ನ ಅಂಗಡಿಗೆ ಬಂದ. ಮೀಸೆ ತಿದ್ದಿಸಿಕೊಂಡು, ಬೇರೆ ಅಂಗಿ ತೊಟ್ಟಿದ್ದ. ದುಡ್ಡನ್ನು ಮೊದಲೇ ಮೇಜಿನ ಮೇಲಿಟ್ಟು "ಒಂದು ಫೋಟೋ ತೆಗೀರಿ ಸಾಮಿ," ಎಂದ. ನನ್ನ ಗುರುತು ಸಿಕ್ಕಿತ್ತು ಅವನಿಗೆ. ನಾನು ದುಡ್ಡನ್ನು ಅವನ ಕಡೆಗೇ ಸರಿಸಿದೆ. ಅವನೇ ನನಗೆ ಸಮಾಧಾನ ಹೇಳಿದ:

"ಬೇಜಾರು ಮಾಡ್ಕಬ್ಯಾಡ್ರಿ. ಅವತ್ತು ಹದಿನೇಳು ಜನ ತೆಗದ್ರೂ ಒಂದೂ ಬರ್ಲಿಲ್ಲ ಅಂತ ಕಾಣ್ತತೆ. ಪಾಪ, ನೀವೆಲ್ಲ ಇನ್ನಾ ಕಲೀತಿದ್ರಿ, ಅಲ್ವಾ?"

೫. ತರಬೇತಿಯ ದಿನ

ಆರು ವರ್ಷವಾದ ಮೇಲೆ ಕೊನೆಗೂ ಅದು ಆಯಿತು. ಆಗುವ ಹೊತ್ತಿಗೆ ನನ್ನ ಅಂಗಡಿಗೆ ಪಾಸ್‌ಪೋರ್ಟ್ ಸೈಜಿನವರು, ಸತ್ತವರ ಹಳೇ ಫೋಟೋ ದೊಡ್ಡದು ಮಾಡಿಸುವವರು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಇದೊಂದು ದಿನ ಸರಿಯಾಗಿ ನಡೆದರೆ ಮುಂದಿನ ಮದುವೆ ಕಾಲಕ್ಕೆ ಬಾಗಿಲಲ್ಲಿ "ಕಲರ್ ಉಂಟು" ಎಂದು ಬೋರ್ಡು ಹಾಕಬಹುದು. ಇಲ್ಲವಾದರೆ ಹೆಂಡತಿಯ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು. ಆ ಮಾತು ಮನೆಯಲ್ಲಿ ಆಗಲೇ ಎರಡು ಸಲ ಬಂದುಹೋಗಿತ್ತು.

ಏಜೆಂಟರು ಹೇಳಿದ ಹಾಗೆಯೇ ಹತ್ತಕ್ಕೆ ಬಂದರು. ಸಂಜೆ ನಾಲ್ಕೂವರೆಯ ಬಸ್ಸಿಗೆ ಹೋಗಬೇಕು ಎಂದು ಮೊದಲೇ ಹೇಳಿದರು. ಆರೂವರೆ ಗಂಟೆ ಇದೆಯಲ್ಲ ಎಂದು ನಾನು ಹಿಗ್ಗಿದೆ.

ಪ್ರಾರ್ಥನೆಯಾಯಿತು. ಸ್ವಾಗತವಾಯಿತು. ಏಜೆಂಟರಿಗೆ ಹಾರ ಹಾಕಿದರು, ಶಾಲು ಹೊದಿಸಿದರು. ಅತಿಥಿಗಳಿಗೊಬ್ಬರಿಗೇ ಶಾಲು ಹಾಕಿದರೆ ಹಿರಿಯ ಸದಸ್ಯರಿಗೆ ಅವಮಾನ ಎಂದು ಅಧ್ಯಕ್ಷರು ಐದು ಜನ ಹಿರಿಯರಿಗೂ ಹೊದಿಸಿದರು. ಶಾಲು ಹೊದ್ದವರು ಎರಡು ಮಾತಾಡಬೇಕು ಎಂದಾಯಿತು. ಆ ಎರಡು ಮಾತಿಗೆ ಎರಡು ಗಂಟೆ ಹಿಡಿಯಿತು. ಏಜೆಂಟರು ಕೊರಳಲ್ಲಿ ಸುಗಂಧರಾಜದ ಹಾರ ಹಾಕಿಕೊಂಡು, ಕಲಿಸಲು ತಂದಿದ್ದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ನಾನು ಎದ್ದು ಅಧ್ಯಕ್ಷರ ಕಿವಿಯಲ್ಲಿ "ಪಾಠ..." ಎಂದೆ. "ಊಟ ಆಗ್ಲಿ ಇರ್ರಿ," ಎಂದರು.

ಊಟವಾಯಿತು. "ಬಿಸಿಲು ಹೋಗೋದ್ರಾಗೆ ಗ್ರೂಪ್ ಫೋಟೋ ಒಂದು ಮುಗಿಸ್ಬಿಡಾಣ, ಆಮೇಲೆ ಆರಾಮಾಗಿ ಪಾಠ," ಎಂದರು ಅಧ್ಯಕ್ಷರು. ಹೊನ್ನಾಳಿಯಿಂದ ಆ ಸ್ಟ್ಯಾಂಡ್ ಕ್ಯಾಮೆರಾ ತಂದಿದ್ದರು. ಬೆಂಚು ಹಾಕಿ ಎಲ್ಲರೂ ಸಾಲಾಗಿ ನಿಂತರು. ಆಗ ಗೊತ್ತಾಯಿತು, ಕ್ಯಾಮೆರಾದ ಹಿಂದೆ ಯಾರೂ ಇಲ್ಲ.

ತೆಗೆಯುವವನು ಫೋಟೋದಲ್ಲಿ ಇರುವುದಿಲ್ಲ. ಜೀವಮಾನವೆಲ್ಲ ಬೇರೆಯವರನ್ನು ನಿಲ್ಲಿಸಿ ತೆಗೆದ ಇಪ್ಪತ್ತಮೂರು ಜನ ಇವತ್ತೊಂದು ದಿನ ಮುಂದೆ ನಿಲ್ಲಬೇಕೆಂದು ಹೊಸ ಅಂಗಿ ತೊಟ್ಟು ಬಂದಿದ್ದರು. "ನೀವು ತೆಗೀರಿ." "ನಾನ್ಯಾಕೆ, ಅವ್ರು ಕಿರಿಯರು." "ಕಿರಿಯ ಅಂದ್ರೆ ಕಳ್ಳನೇನ್ರಿ?" ಮೂರು ಗಂಟೆಯವರೆಗೆ ಇದೇ ನಡೆಯಿತು. ಹೊನ್ನಾಳಿಯವರು ತೆಗೆದರೆ ನಮ್ಮ ಕಣ್ಣು ಮುಚ್ಚಿದಾಗಲೇ ತೆಗೆಯುತ್ತಾರೆ ಎಂದು ಚನ್ನಗಿರಿಯವರು ಹೇಳಿ ಕೈಕೈ ಮಿಲಾಯಿಸುವ ತನಕ ಹೋಯಿತು. ರಸ್ತೆಯಲ್ಲಿ ಹೋಗುವವರನ್ನು ಕರೆಯೋಣ ಎಂದು ನಾನು ಹೇಳಿದ್ದಕ್ಕೆ, ಫೋಟೋಗ್ರಾಫರುಗಳ ಫೋಟೋವನ್ನು ಕಸುಬು ಬಾರದವನು ತೆಗೆಯುವುದೇ ಎಂದು ಎರಡೂ ಕಡೆಯವರು ಒಂದಾಗಿ ನನ್ನ ಮೇಲೆ ಬಿದ್ದರು.

ಕೊನೆಗೆ ಏಜೆಂಟರೇ ಎದ್ದರು. ಹಾರ ತೆಗೆದಿಟ್ಟು, ಬಣ್ಣ ಕಲಿಸಲು ದಾವಣಗೆರೆಯಿಂದ ಬಂದ ಆ ಮನುಷ್ಯ ಅಧ್ಯಕ್ಷರ ತಂದೆಯ ಕಾಲದ ಕರಿ ಬಟ್ಟೆಯೊಳಗೆ ತಲೆ ತೂರಿಸಿದರು. ಒಬ್ಬರು ಟೋಪಿ ಸರಿಮಾಡಿಕೊಂಡರು, ಇನ್ನೊಬ್ಬರು ಬಾಚಣಿಗೆ ಕೇಳಿದರು. ಕಪ್ಪು ಬಿಳುಪಿನ ಒಂದು ಫೋಟೋ ಆಗುವ ಹೊತ್ತಿಗೆ ನಾಲ್ಕು ಇಪ್ಪತ್ತು.

ಅವರು ಪೆಟ್ಟಿಗೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದರು. ಹಿಂದೆಯೇ ನಾವೂ ಓಡಿದೆವು. "ಸಾರ್, ಪಾಠ! ಒಂದು ಮಾತಾದ್ರೂ ಹೇಳಿ ಹೋಗ್ರಿ!" ಎಂದು ನಾನು ಕಿಟಕಿ ಹಿಡಿದುಕೊಂಡು ಕೂಗಿದೆ.

"ಫಿಲಂ ಡಬ್ಬಿ ಒಳಗೆ ಒಂದು ಚೀಟಿ ಇರ್ತದ್ರಿ," ಎಂದರು ಏಜೆಂಟರು. "ಅದನ್ನ ಓದ್ಕೊಳ್ರಿ."

ಜಗಳೂರಿನವರು ಬಸ್ಸಿನ ಹಿಂದೆ ಹತ್ತು ಹೆಜ್ಜೆ ಓಡಿ ಹೋಗಿ ಕೇಳಿದರು: "ಸಾರ್, ಅದು ಇಂಗ್ಲೀಷಿನಾಗೆ ಐತಲ್ರೀ?"

೬. ತೆಗೆದವರು ಯಾರು

ಒಂದು ವಾರಕ್ಕೆ ಅಧ್ಯಕ್ಷರಿಂದ ಆಜ್ಞೆ ಬಂತು. ಗ್ರೂಪ್ ಫೋಟೋವನ್ನು ದೊಡ್ಡದು ಮಾಡಿ, ಬ್ರಷ್ಷಿನಲ್ಲಿ ಬಣ್ಣ ಹಚ್ಚಿ, ಕೆಳಗೆ "ಕಲರ್ ಛಾಯಾಗ್ರಹಣ ತರಬೇತಿ ಪಡೆದ ಸದಸ್ಯರು" ಎಂದು ಬರೆದು ಎಲ್ಲ ಸ್ಟುಡಿಯೊಗಳಲ್ಲೂ ತೂಗುಹಾಕತಕ್ಕದ್ದು. ಬ್ರಷ್ಷಿನಲ್ಲಿ ಬಣ್ಣ ಹಚ್ಚುವುದು ನನಗೆ ಬರುತ್ತಿತ್ತು, ಹಳೇ ಕಾಲದ ವಿದ್ಯೆ. ನಾಲ್ಕು ದಿನ ಕೂತು ಇಪ್ಪತ್ತಮೂರು ಜನರ ಕೆನ್ನೆಗೂ ಗುಲಾಬಿ ಹಚ್ಚಿದೆ, ನನ್ನ ಕೆನ್ನೆಗೂ ಸೇರಿ. ಸುಳ್ಳು ಎಂದು ಗೊತ್ತಿದ್ದೇ ಮಾಡಿದೆ. ಹೊಟ್ಟೆಪಾಡು.

ಹದಿನೈದು ದಿನದಲ್ಲಿ ಕತ್ತಲಗೆರೆಯ ಒಬ್ಬ ಗೌಡರು ಬಂದರು. ಅವರ ಮನೆಯ ಎರಡು ಮದುವೆ ನಾನೇ ತೆಗೆದಿದ್ದೆ. ಈಗ ಕೊನೆಯ ಮಗಳ ಮದುವೆ. "ಈ ಸಲ ಕಲರ್ ಬೇಕ್ರಿ," ಎಂದರು. ನಾನು ಗೋಡೆಯ ಮೇಲಿನ ಆ ಗ್ರೂಪ್ ಫೋಟೋ ಕಡೆ ಕೈ ತೋರಿಸಿದೆ. ಗೌಡರು ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನಿಂತರು. ಬೆರಳಿಟ್ಟು ಒಬ್ಬೊಬ್ಬರನ್ನೂ ಎಣಿಸಿದರು.

"ಇವ್ರೆಲ್ಲ ಕಲರ್ ಕಲ್ತೋರಾ?"

"ಹೌದ್ರಿ."

"ಎಲ್ರೂ ಮುಂದೇನೇ ನಿಂತಾರಲ್ರಿ. ಹಂಗಾದ್ರೆ ತೆಗದೋರು ಯಾರು?"

"ಅವ್ರು... ದಾವಣಗೆರೆಯೋರು."

"ಹಂಗಾದ್ರೆ ಅವ್ರ ಅಡ್ರೆಸ್ಸು ಕೊಡ್ರಿ," ಎಂದರು ಗೌಡರು, ಸ್ವಲ್ಪವೂ ಕುಹಕವಿಲ್ಲದೆ. "ನಮಗೆ ಬೇಕಾಗಿರೋದು ಹಿಂದೆ ನಿಂತೋರು."

ನನ್ನ ಕೈಯಾರೆ ಬರೆದುಕೊಟ್ಟೆ. ಹಳೇ ವಿಶ್ವಾಸಕ್ಕೆ ಗೌಡರು ಮದುವೆಗೆ ನನ್ನನ್ನೂ ಕರೆದರು, ಊಟಕ್ಕೆ. ಎರಡು ದಿನ ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಮೂರನೆಯ ದಿನ ಬೇರೆ ಬುದ್ಧಿ ಬಂತು. ಮಾನ ಹೋದದ್ದು ಹೋಯಿತು. ಏಜೆಂಟರ ಪಕ್ಕದಲ್ಲಿ ಲೈಟು ಹಿಡಿದುಕೊಂಡು ನಿಂತರೆ ಅವರು ಏನು ಮಾಡುತ್ತಾರೆಂದು ಕಣ್ಣಾರೆ ನೋಡಬಹುದು. ಸಂಘ ಆರು ವರ್ಷದಲ್ಲಿ ಕಲಿಸದ್ದನ್ನು ಒಂದು ಬೆಳಿಗ್ಗೆ ಕಲಿಯಬಹುದು.

ಮುಹೂರ್ತಕ್ಕೆ ಒಂದು ಗಂಟೆ ಮೊದಲೇ ಚಪ್ಪರಕ್ಕೆ ಹೋದೆ. ಏಜೆಂಟರು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿದ್ದರು. ನಾಚಿಕೆ ಬಿಟ್ಟು ಕೇಳಿದೆ: "ಸಾರ್, ಲೈಟು ಹಿಡೀಲಾ?"

"ಬರ್ರಿ, ಹಿಡೀರಿ. ಈ ಕಡೇದು ಹಿಡೀರಿ," ಎಂದರು. "ಆ ಕಡೆ ಲೈಟಿಗೆ ಆಗ್ಲೇ ನಿಮ್ಮೋರೇ ಒಬ್ರು ಸಿಕ್ಯಾರೆ. ಬೆಳಿಗ್ಗೆ ಆರಕ್ಕೇ ಬಂದು ನಿಂತಾರೆ ಪಾಪ, ಏನು ಹೇಳಿದ್ರೂ ಬರಕೊಳ್ತಾರೆ."

ಮಂಟಪದ ಆ ಕಡೆ ನೋಡಿದೆ. ತಲೆಗೆ ಟವೆಲ್ಲು ಸುತ್ತಿಕೊಂಡು, ಎರಡೂ ಕೈಯಲ್ಲಿ ಲೈಟಿನ ಕೋಲು ಎತ್ತಿ ಹಿಡಿದುಕೊಂಡು, ಜೇಬಿನಲ್ಲಿ ಒಂದು ನೋಟ್‌ಬುಕ್ಕು ಇಟ್ಟುಕೊಂಡು ನಮ್ಮ ಅಧ್ಯಕ್ಷರು ನಿಂತಿದ್ದರು.

ಇಬ್ಬರ ಕಣ್ಣೂ ಕೂಡಿದವು. ಅವರು ಕೋಲನ್ನು ಚಪ್ಪರದ ಕಂಬಕ್ಕೆ ಒರಗಿಸಿ ಲಗುಬಗೆಯಿಂದ ನನ್ನ ಹತ್ತಿರ ಬಂದರು. ಆ ಕಡೆ ಈ ಕಡೆ ನೋಡಿ, ನನ್ನ ತೋಳು ಹಿಡಿದು, ಪಿಸುಮಾತಿನಲ್ಲಿ ಹೇಳಿದರು:

"ಕಾರ್ಯದರ್ಶಿಗಳೇ, ಇದು ಸಂಘಕ್ಕೆ ಮಾತ್ರ ಗೊತ್ತಾಗಬಾರ್ದು ನೋಡ್ರಿ. ಗೊತ್ತಾದ್ರೆ ಎಲ್ರೂ ಕಲ್ತುಬಿಡ್ತಾರೆ!"